ಹುಳ ಹಣ್ಣಾಗುವವರೆಗೆ ಒಂದು ಆಟ

ರೇಷ್ಮೆ ಹುಳ ಸಾಕುವ ಮನೆಗೆ ಅದರದೇ ಕಾನೂನು ಇರುತ್ತದೆ. ಬೈರಕೂರಿನ ಸುಬ್ಬರಾಯಪ್ಪನ ಮನೆಯಲ್ಲಂತೂ ಆ ಕಾನೂನು ಸರ್ಕಾರದ ಕಾನೂನಿಗಿಂತ ಗಟ್ಟಿ. ಹುಳ ಇರುವಷ್ಟು ದಿನ ಅಡುಗೆಗೆ ಒಗ್ಗರಣೆ ಇಲ್ಲ. ಬೀಡಿ ಸೇದಿದವನು ಆ ಕಡೆ ಸುಳಿಯುವಂತಿಲ್ಲ. ತಲೆಗೆ ನೀರು ಹಾಕಿಕೊಳ್ಳದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ನೆಂಟರು ಬಂದರೆ ಬೀದಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, ಬೀದಿಯಿಂದಲೇ ಕಳಿಸಬೇಕು. ಇವೆಲ್ಲಕ್ಕಿಂತ ದೊಡ್ಡದು ಸೂತಕ. ನೆಂಟರಲ್ಲಿ ಯಾರೋ ತೀರಿಕೊಂಡರು ಎಂಬ ಸುದ್ದಿ ಯಾರ ಕಿವಿಗೆ ಬಿತ್ತೋ ಅವರು ಆ ಬೆಳೆ ಮುಗಿಯುವವರೆಗೂ ಹುಳದ ಮನೆಯೊಳಕ್ಕೆ ಕಾಲಿಡಬಾರದು. ಇಟ್ಟರೆ ಹುಳಕ್ಕೆ ರೋಗ ತಗುಲಿ ತಟ್ಟೆ ತಟ್ಟೆಯೇ ತಿಪ್ಪೆಗೆ ಹೋಗುತ್ತದೆ ಎಂದು ಸುಬ್ಬರಾಯಪ್ಪನ ತಾಯಿ ಮುನಿಗಂಗಮ್ಮ ಹೇಳುತ್ತಿದ್ದಳು. ಹೇಳುತ್ತಿದ್ದಳು ಎಂದರೆ ಸುಮ್ಮನೆ ಹೇಳುವುದಲ್ಲ, ಎದುರಿಗಿದ್ದವರು ತಲೆ ಆಡಿಸುವವರೆಗೂ ಬಿಡುತ್ತಿರಲಿಲ್ಲ.

ಆ ಮನೆಯ ಹಿರೀ ಸೊಸೆ ಭಾರತಮ್ಮ. ಕ್ಯಾಲನೂರಿನ ಚನ್ನರಾಯಪ್ಪನ ಮಗಳು. ಇದ್ದ ಒಬ್ಬಳೇ ಮಗಳನ್ನು ಮುಳಬಾಗಿಲಿನ ಹಾಸ್ಟೆಲಿನಲ್ಲಿ ಓದಲು ಬಿಟ್ಟು, ತಾನು ಹುಳಕ್ಕೆ ಸೊಪ್ಪು ಹಾಕಿಕೊಂಡು ಬದುಕುತ್ತಿದ್ದಳು. ತಾಯಿ ಹೋಗಿ ಬಹಳ ಕಾಲವಾಗಿತ್ತು. ಅಣ್ಣನಿದ್ದರೂ ತವರು ಎಂದರೆ ಅವಳ ಪಾಲಿಗೆ ಅಪ್ಪನೇ. ಚನ್ನರಾಯಪ್ಪ ಡೇರಿಗೆ ಹಾಲು ಹಾಕುವ ಮನುಷ್ಯ, ಎಮ್ಮೆ ಕಟ್ಟಿದವನಿಗೆ ಬಿಡುವೆಲ್ಲಿ? ಆದರೂ ವರ್ಷಕ್ಕೆ ಎರಡು ಮೂರು ಸಲ ಮಗಳನ್ನು ನೋಡಲು ಬಂದೇ ಬರುತ್ತಿದ್ದ. ಅವನು ಬರುವುದಕ್ಕೂ ಹುಳ ಇರುವುದಕ್ಕೂ ಯಾವಾಗಲೂ ಸರಿಹೋಗಿಬಿಡುತ್ತಿತ್ತು. ಹಾಗಾಗಿ ಹುಳದ ಮನೆಯ ಹೊರಗೆ, ಹುಳದ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಿರಲೆಂದು ಕಿಟಕಿಗೆ ಹೊಡೆದ ಪರದೆಯ ಆಚೆ ಕುಕ್ಕರಗಾಲಿನಲ್ಲಿ ಕೂತು, ಒಳಗೆ ಸೊಪ್ಪು ಹಾಕುತ್ತಿದ್ದ ಮಗಳ ಜೊತೆ ಮಾತಾಡಿ ಎದ್ದು ಹೋಗುತ್ತಿದ್ದ. ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ದನಿ ಮಾತ್ರ. "ನೀನ್ ಕೆಲಸ ನೋಡ್ಕೊಳಮ್ಮ, ನಾನೇನ್ ಓಡೋಗ್ತೀನಾ?" ಎನ್ನುತ್ತಿದ್ದ. ಅವಳು ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅವನ ಬಸ್ಸಿನ ಹೊತ್ತಾಗಿರುತ್ತಿತ್ತು.

ಎಂಬತ್ತಾರನೇ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಬೆಳೆ. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಚರ್ಮ ಬಿಡಲು ತಲೆಯೆತ್ತಿ ಮಲಗುವುದಕ್ಕೆ ಆ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದು ಎದ್ದ ಮೇಲೆ ಹುಳಕ್ಕೆ ಹೊಟ್ಟೆಬಾಕತನ ಶುರು. ಎಷ್ಟು ಸುರಿದರೂ ಸಾಲದು, ಬೆಳಿಗ್ಗೆ ಹಾಕಿದ ಸೊಪ್ಪು ಬಿಸಿಲೇರುವಷ್ಟರಲ್ಲಿ ಬರೀ ಕಡ್ಡಿ. ಹೀಗೆ ಒಂದು ವಾರ ತಿಂದು, ಹಣ್ಣಾಗಿ, ಮೈ ಹಳದಿಗೆ ತಿರುಗಿದಾಗ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತವೆ. ಈ ಒಂದು ವಾರ ಮನೆಯ ಹೆಂಗಸಿಗೆ ತಾನು ಹೆಂಗಸು ಎನ್ನುವುದೇ ಮರೆತು ಹೋಗಿರುತ್ತದೆ. ಇಂಥ ವಾರದ ಮೊದಲ ದಿನವೇ ಬಸ್ಸಿನವರ ಕೈಲಿ ಕ್ಯಾಲನೂರಿನಿಂದ ಸುದ್ದಿ ಬಂತು. ಚನ್ನರಾಯಪ್ಪನಿಗೆ ಲಕ್ವ ಹೊಡೆದಿದೆ, ಬಲಗೈ ಬಲಗಾಲು ಆಡುತ್ತಿಲ್ಲ, ಮಾತು ತೊದಲುತ್ತದೆ, ಭಾರತೀನ ಕಳಿಸಿ ಅನ್ನುತ್ತಿದ್ದಾನೆ.

ಭಾರತಮ್ಮ ಕೈಯಲ್ಲಿದ್ದ ಸೊಪ್ಪಿನ ಕುಕ್ಕೆಯನ್ನು ಅಲ್ಲೇ ಇಟ್ಟು ಅತ್ತೆಯ ಮುಂದೆ ನಿಂತಳು.

"ಅತ್ತೆ, ನಾನು ಒಂದ್ಸಲ ಹೋಗಿ ಮುಖ ನೋಡ್ಕೊಂಡು ಬಂದ್ಬಿಡ್ತೀನಿ."

"ಹೋಗಮ್ಮ, ಯಾರ್ ಬೇಡ ಅಂದೋರು," ಎಂದಳು ಮುನಿಗಂಗಮ್ಮ. "ಹುಳಾನೂ ಜೊತೆಗೆ ಕರ್ಕೊಂಡ್ ಹೋಗು. ಜ್ವರ ಎದ್ದ ಹುಳ ಬಿಟ್ಟು ಹೋಗೋಳು ಎಲ್ಲಾನಾ ಇದ್ದಾಳಾ? ಚಂದ್ರಿಕೆ ಮೇಲೆ ಹತ್ತಿಸ್ಬಿಟ್ಟು ಹೋಗು. ಲಕ್ವ ಹೊಡ್ದೋರು ಹತ್ತು ವರ್ಷ ಬದುಕ್ತಾರೆ."

ಸುಬ್ಬರಾಯಪ್ಪ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಎರಡಕ್ಕೂ ಸೇರದ ಒಂದು ಮಾತು ಹೇಳಿದ. "ನಾನ್ ಹೋಗಿ ನೋಡ್ಕೊಂಡು ಬರ್ತೀನಿ ಬಿಡು." ಅವನು ಕೆಟ್ಟವನೇನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಆದರೆ ಯಾರ ಪರವಾಗಿಯೂ ಗಟ್ಟಿಯಾಗಿ ನಿಲ್ಲುವ ಮೂಳೆ ಅವನ ಬೆನ್ನಿನಲ್ಲಿ ಇರಲಿಲ್ಲ, ಅಷ್ಟೇ. ಹೋಗುತ್ತೇನೆ ಎಂದವನು ಆ ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಪಂಪ್‌ಸೆಟ್ ಕೆಟ್ಟಿದೆ ಎಂದ. ಅದರ ಮಾರನೇ ದಿನ ಬೆಳಿಗ್ಗೆ ಬಸ್ಸು ನಿಲ್ಲುವ ಕಡೆ ಹೋದವನು ದಾಪುಗಾಲು ಹಾಕಿಕೊಂಡು ಬಂದು, ತಾಯಿಯ ಹತ್ತಿರ ಏನೋ ಮಾತಾಡಿ, ಕಾಫಿಯನ್ನೂ ಕುಡಿಯದೆ ಕ್ಯಾಲನೂರಿಗೆ ಹೊರಟ. ಅಂತೂ ಹೊರಟನಲ್ಲ ಎಂದು ಭಾರತಮ್ಮ ದೇವರಿಗೆ ಕೈ ಮುಗಿದಳು.

ಮರುದಿನ ಮಧ್ಯಾಹ್ನ ಬಂದ. ಬಂದವನು ಬಾವಿಯ ಹತ್ತಿರವೇ ಬಟ್ಟೆ ಬಿಚ್ಚಿ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಂಡ. ಹುಳ ಇರುವ ಮನೆಯಲ್ಲಿ ಊರಿಂದ ಬಂದವರು ಹೀಗೆ ಮಾಡುವುದೇ ಪದ್ಧತಿ. ಅವಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

"ಹೆಂಗಿದ್ದಾರೆ?" ಎಂದು ಹುಳದ ಮನೆಯ ಬಾಗಿಲಲ್ಲಿ ನಿಂತೇ ಕೇಳಿದಳು.

"ಈಗ ವಾಸಿ ಕಣೇ," ಎಂದ ಅವನು ಟವೆಲ್ಲಿನಿಂದ ಮುಖ ಒರೆಸುತ್ತಾ. ಬಹಳ ಹೊತ್ತು ಒರೆಸಿದ. "ಎಡಗೈಲಿ ಗಂಜಿ ಕುಡುದ್ರು. ಬೆರಳು ಆಡಿಸ್ತಾ ಇರ್ಬೇಕಂತೆ, ಡಾಕ್ಟ್ರು ಹೇಳವ್ರೆ. ಹುಳ ಬಿಟ್ಟು ಬರಬೇಡ ಅಂತ ಹೇಳು ಅಂದ್ರು."

ಅದು ಅಪ್ಪ ಆಡುವ ಮಾತೇ. ಅವಳಿಗೆ ಅಳು ಬಂತು, ಆದರೆ ಸಮಾಧಾನದ ಅಳು.

ಆ ಮಧ್ಯಾಹ್ನವೇ ಮೈದುನ ಶ್ರೀನಿವಾಸಪ್ಪ ಅವಳ ಹತ್ತಿರ ಬಂದ. ಅವನು ಮಸ್ಕತ್ತಿನಲ್ಲಿ ಡ್ರೈವರ್. ರಜೆಯ ಮೇಲೆ ಬಂದಿದ್ದ. ಬರುವಾಗ ಟೇಪ್ ರೆಕಾರ್ಡರ್, ಸೆಂಟು, ಮುನಿಗಂಗಮ್ಮನಿಗೆ ಹೊದೆಯಲು ಹುಲಿಯ ಚಿತ್ರದ ಕಂಬಳಿ ತಂದಿದ್ದ. ಜೊತೆಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಇನ್ನೊಂದು ವಸ್ತು ತಂದಿದ್ದ. ಅದನ್ನು ಯಾರ ಮಕ್ಕಳಿಗೂ ಮುಟ್ಟಲು ಕೊಡದೆ ಸೂಟ್‌ಕೇಸಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಈಗ ಅದನ್ನು ಅತ್ತಿಗೆಯ ಕೈಗೆ ಕೊಟ್ಟ.

"ಏನಿದು ಸೀನಪ್ಪ?"

"ವಿಡಿಯೋ ಗೇಮ್ ಅಂತಾರೆ ಅತ್ತಿಗೆ. ಅಲ್ಲಿ ನಾವು ದೊಡ್ಡ ದೊಡ್ಡ ಗಂಡಸರೇ ಇದನ್ನ ಆಡ್ತೀವಿ. ಮನೆ ನೆನಪು ಬಂದು ತಲೆ ಕೆಟ್ಟೋದಾಗ ಇದನ್ನ ಹಿಡ್ಕೊಂಡ್ ಕೂತ್ರೆ ಒಂದು ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಸೊಪ್ಪು ಹಾಕಿದ್ಮೇಲೆ ಸುಮ್ನೆ ಕೂತು ಯೋಚ್ನೆ ಮಾಡಬೇಡಿ. ಆಡಿ."

ಡಬ್ಬಿಯ ನಡುವೆ ಒಂದು ಪುಟ್ಟ ಗಾಜು. ಗಾಜಿನೊಳಗೆ ಒಂದು ಮರ, ಮರದ ಕೆಳಗೆ ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಗಿಡ್ಡ ಮನುಷ್ಯ. ಮರದಿಂದ ಹಣ್ಣು ಬೀಳುತ್ತವೆ. ಎಡಕ್ಕೊಂದು ಬಲಕ್ಕೊಂದು ಗುಂಡಿ. ಒತ್ತಿದರೆ ಮನುಷ್ಯ ಆ ಕಡೆ ಈ ಕಡೆ ಓಡಿ ಹಣ್ಣು ಹಿಡಿಯಬೇಕು. ಮೂರು ಹಣ್ಣು ನೆಲಕ್ಕೆ ಬಿದ್ದರೆ ಪೀಂ ಎಂದು ಕೂಗಿ ಆಟ ಮುಗಿಯುತ್ತದೆ. ಮತ್ತೆ ಒತ್ತಿದರೆ ಮೊದಲಿನಿಂದ.

ಅವಳು ಮೊದಲು ನಾಚಿದಳು. ಕೂದಲು ನರೆಯಲು ಶುರುವಾದ ಹೆಂಗಸು ಮಕ್ಕಳ ಸಾಮಾನು ಹಿಡಿದು ಕೂತರೆ ಊರು ಏನಂದೀತು? ಒಂದೇ ಸಲ ಎಂದು ಒತ್ತಿದಳು. ಬಿದ್ದ ಹಣ್ಣುಗಳೆಲ್ಲ ನೆಲಕ್ಕೇ ಹೋದವು. ಇನ್ನೊಂದು ಸಲ ಎಂದಳು. ಸಂಜೆಯ ಸೊಪ್ಪಿನ ಹೊತ್ತಿಗೆ ಅವಳ ಹೆಬ್ಬೆರಳುಗಳು ಆ ಮನುಷ್ಯನ ಕಾಲುಗಳಾಗಿಬಿಟ್ಟಿದ್ದವು.

ಅದರಲ್ಲಿ ಏನಿತ್ತು ಎಂದು ಕೇಳಿದರೆ ಅವಳು ಹೇಳಲಾರಳು. ಆದರೆ ಇದ್ದದ್ದು ನಿಜ. ಒಂದು ಹಣ್ಣು ಬಿದ್ದು ಇನ್ನೊಂದು ಬೀಳುವ ನಡುವೆ ಬೇರೆ ಯೋಚನೆಗೆ ಜಾಗವೇ ಇರಲಿಲ್ಲ. ಅಪ್ಪನ ಸೊಟ್ಟಗಾದ ಬಾಯಿ ಹೇಗಿರಬಹುದು, ಎಮ್ಮೆ ಯಾರು ಕರೆಯುತ್ತಿರಬಹುದು, ಅಣ್ಣನ ಹೆಂಡತಿ ಹೊತ್ತಿಗೆ ಸರಿಯಾಗಿ ಗಂಜಿ ಕೊಡುತ್ತಿದ್ದಾಳೋ ಇಲ್ಲವೋ ಎಂದು ತಲೆಯೊಳಗೆ ದಿನವಿಡೀ ಗುಂಯ್ಗುಡುತ್ತಿದ್ದದ್ದು ಆಟ ಹಿಡಿದ ತಕ್ಷಣ ನಿಲ್ಲುತ್ತಿತ್ತು. ಇನ್ನೊಂದು ವಿಷಯವೂ ಇತ್ತು. ಅವಳ ಬದುಕಿನಲ್ಲಿ ಕೈತಪ್ಪಿ ಬಿದ್ದದ್ದು ಯಾವುದೂ ಮತ್ತೆ ಮೇಲಕ್ಕೆ ಹೋಗಿ ಕೂತಿರಲಿಲ್ಲ. ಇಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಬಿದ್ದ ಹಣ್ಣೆಲ್ಲ ಮರದ ಮೇಲೆ. ತಪ್ಪಿದ್ದಕ್ಕೆ ಯಾರೂ ಬಯ್ಯುತ್ತಿರಲಿಲ್ಲ.

ಬಯ್ಯಬೇಕಾದವಳೂ ಬಯ್ಯಲಿಲ್ಲ. ಅದೇ ಆಶ್ಚರ್ಯ. ಸೊಸೆ ಒಂದು ಗಳಿಗೆ ಗೋಡೆಗೆ ಒರಗಿದರೆ "ಏನಮ್ಮ, ಬಾಣಂತೀನಾ?" ಎನ್ನುವ ಮುನಿಗಂಗಮ್ಮ, ಈಗ ಅವಳು ಹುಳದ ಮನೆಯ ಜಗಲಿಯಲ್ಲಿ ಡಬ್ಬಿ ಹಿಡಿದು ಕೂತದ್ದನ್ನು ಕಂಡೂ ಕಾಣದಂತೆ ಹೋಗುತ್ತಿದ್ದಳು. ಒಂದು ದಿನ ತಾನೇ ಕಾಫಿ ತಂದು ಪಕ್ಕದಲ್ಲಿಟ್ಟಳು. "ಪೋನೀಲೇಮ್ಮಾ, ಹೋಗ್ಲಿ ಬಿಡು, ಆಡ್ಕೋ. ಮನಸ್ಸಿಗೂ ಒಂದ್ ಚೂರು ಹಗುರ ಆಗ್ಬೇಕು," ಎಂದಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳಿಗೆ ಕೂತಲ್ಲಿಗೆ ಕಾಫಿ ಬಂದದ್ದು ಅದೇ ಮೊದಲು. ಅಪ್ಪನಿಗೆ ಕಾಯಿಲೆ ಬಂದ ಮೇಲೆ ಇವರಿಗೂ ಕರುಳು ಅಂತ ಒಂದಿದೆ ಎಂದು ಗೊತ್ತಾಯಿತು ಎಂದುಕೊಂಡಳು ಭಾರತಮ್ಮ. ಪಾಪ, ಹಾಗೇ ಅಂದುಕೊಂಡಳು.

ಕೆಲಸವೇನೂ ಕಮ್ಮಿಯಾಗಿರಲಿಲ್ಲ, ಹೆಚ್ಚೇ ಆಗಿತ್ತು. ಸುಬ್ಬರಾಯಪ್ಪ ಕಾಲಿಗೆ ಮುಳ್ಳು ಚುಚ್ಚಿಕೊಂಡು ಕೀವಾಗಿದೆ, ಹುಳದ ಮನೆಗೆ ಬರಬಾರದು ಎಂದ. ಮುನಿಗಂಗಮ್ಮನಿಗೆ ಮಂಡಿ ಹಿಡಿದುಕೊಂಡಿತು. ಶ್ರೀನಿವಾಸಪ್ಪ ಸೆಂಟು ಹಾಕಿಕೊಳ್ಳುವವನು, ಅವನನ್ನು ಕರೆಯುವಂತಿಲ್ಲ. ಸೊಪ್ಪು ಕೊಯ್ದು ತರುವ ಅಂಜಮ್ಮ ಹೊರೆಯನ್ನು ಹೊಸ್ತಿಲಾಚೆ ಇಳಿಸಿ ಹೋಗುತ್ತಿದ್ದಳು. ಒಳಗಿನ ಅಷ್ಟೂ ತಟ್ಟೆಗಳಿಗೆ ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಸುಣ್ಣ ಎರಚುವುದು, ಎಲ್ಲವೂ ಭಾರತಮ್ಮನ ಒಬ್ಬಳ ತಲೆಯ ಮೇಲೆ ಬಿತ್ತು. ಅವಳಿಗೆ ಬೇಜಾರಾಗಲಿಲ್ಲ. ಮಾಡಿ ಮುಗಿಸಿದರೆ ಜಗಲಿಯ ಮೇಲೆ ಆಟ ಕಾಯುತ್ತಿರುತ್ತದಲ್ಲ ಎಂದು ಬಿರುಸಾಗಿ ಮಾಡುತ್ತಿದ್ದಳು. ನೀರಿಗೆ ಹೋಗುವುದನ್ನೂ ಬಿಟ್ಟಳು. ಬಾವಿಕಟ್ಟೆಯ ಹೆಂಗಸರ ಮಾತಿಗಿಂತ ಈ ಡಬ್ಬಿಯ ಟಿಕ್ ಟಿಕ್ ಸದ್ದೇ ಹಿತವಾಗಿತ್ತು. ನೀರನ್ನು ಶ್ರೀನಿವಾಸಪ್ಪ ಹೊತ್ತು ತಂದ. ಮಸ್ಕತ್ತಿನಿಂದ ಬಂದ ಗಂಡಸು ಕೊಡ ಹೊತ್ತದ್ದನ್ನು ಊರೇ ನಿಂತು ನೋಡಿತು. ಭಾರತಮ್ಮ ಮಾತ್ರ ನೋಡಲಿಲ್ಲ, ಅವಳ ಹಣ್ಣು ಆಗ ಇನ್ನೂರು ದಾಟಿದ್ದವು.

ಆ ದಿನವೇ ಇರಬೇಕು, ಅಂಜಮ್ಮ ಸೊಪ್ಪಿನ ಹೊರೆ ಇಳಿಸಿ ಎಂದಿನಂತೆ ಹೋಗದೆ ಅಲ್ಲೇ ನಿಂತಳು. ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡಿದ್ದಳು.

"ಭಾರತಕ್ಕಾ, ಒಂದ್ ಮಾತು."

"ಇರೇ ಇರೇ, ಹಣ್ಣು ಬೀಳ್ತಾ ಅವೆ!"

"ಅಕ್ಕಾ, ನಿಮ್ಮಪ್ಪಾರ ವಿಚಾರ..."

"ವಾಸಿಯಾಗಿದ್ದಾರಂತೆ ಕಣೇ, ಇವ್ರು ಹೋಗಿ ನೋಡ್ಕೊಂಡ್ ಬಂದ್ರು. ಅಯ್ಯೋ, ಬಿತ್ತು! ಇಲ್ಲ, ಹಿಡ್ದೆ, ಹಿಡ್ದೆ! ನೋಡೇ ಇಲ್ಲಿ!" ಭಾರತಮ್ಮ ಗಟ್ಟಿಯಾಗಿ ನಕ್ಕಳು. ಹಲ್ಲು ಕಾಣುವಂತೆ, ಹರೆಯದ ಹುಡುಗಿಯ ಹಾಗೆ ನಕ್ಕಳು. ನಗುತ್ತಲೇ ಡಬ್ಬಿಯನ್ನು ಅಂಜಮ್ಮನ ಕಡೆ ತಿರುಗಿಸಿದಳು.

ಅಂಜಮ್ಮ ಗಾಜಿನೊಳಗಿನ ಮರವನ್ನು ನೋಡಲಿಲ್ಲ. ನಗುತ್ತಿದ್ದ ಮುಖವನ್ನು ನೋಡಿದಳು. ಅಷ್ಟರಲ್ಲಿ ಮುನಿಗಂಗಮ್ಮ ಒಳಗಿನಿಂದ ಬಂದಳು. ಹಿಡಿದುಕೊಂಡಿದ್ದ ಮಂಡಿ ಆಗ ಬಿಟ್ಟುಕೊಂಡಿತ್ತು, ನೆಟ್ಟಗೇ ಬಂದಳು. "ಏನೇ ಅಂಜಿ, ಸೊಪ್ಪು ತಂದೋಳು ಮಾತಿಗ್ ಕೂತ್ಕೊಂಡ್ಯಾ? ನಡಿ ನಡಿ. ನಾಳೆಯಿಂದ ನೀನ್ ಬರದ್ ಬೇಡ, ತಾಯಲೂರಿಂದ ಆಳು ಬರ್ತಾರೆ," ಎಂದು ಅವಳನ್ನು ಬೀದಿಯವರೆಗೂ ದಾಟಿಸಿ ಬಂದಳು. ಭಾರತಮ್ಮ ತಲೆ ಎತ್ತದೆ, "ಯಾಕತ್ತೆ, ಚೆನ್ನಾಗೇ ಕೊಯ್ತಿದ್ಲಲ್ಲ?" ಎಂದಳು. ಉತ್ತರಕ್ಕೆ ಕಾಯಲಿಲ್ಲ.

ಹುಳ ಹಣ್ಣಾದವು. ಎಂಥ ಹುಳ! ಒಂದಕ್ಕೂ ರೋಗವಿಲ್ಲ, ಒಂದೊಂದೂ ಬೆರಳುದ್ದ, ಬೆಳಕಿಗೆ ಹಿಡಿದರೆ ಮೈಯೆಲ್ಲ ಬಂಗಾರದ ಬಣ್ಣ. ತಾಯಲೂರಿನಿಂದ ಬಂದ ಇಬ್ಬರು ಹೆಂಗಸರು, ಭಾರತಮ್ಮ, ಮೂವರೂ ಸೊಂಟ ಬೀಳುವವರೆಗೆ ಬಗ್ಗಿ ಆರಿಸಿ ಚಂದ್ರಿಕೆಗೆ ಬಿಟ್ಟರು. ಮನೆಯವರು ಆಗಲೂ ಹೊಸ್ತಿಲ ಆಚೆಯೇ ನಿಂತು ಒಂದೊಂದು ಚಂದ್ರಿಕೆ ತುಂಬಿದಾಗಲೂ ಇಣುಕಿ ನೋಡಿದರು. ಕೊನೆಯ ಹುಳ ಏರಿದ ಮೇಲೆ ಮುನಿಗಂಗಮ್ಮ ಆಕಾಶಕ್ಕೆ ಕೈ ಮುಗಿದು, ಸೊಸೆಯ ಕಡೆ ತಿರುಗದೆ, "ಇನ್ನು ಹೋಗಮ್ಮ ನಿಮ್ಮೂರಿಗೆ. ನಾಳೆ ಮೊದಲ್ನೇ ಬಸ್ಸಿಗೇ ಹೋಗು," ಎಂದಳು.

"ನೀವೂ ಬರ್ತೀರಾ?" ಎಂದು ಭಾರತಮ್ಮ ಗಂಡನನ್ನು ಕೇಳಿದಳು.

"ಕಾಲು ನೋವಲ್ವಾ?" ಎಂದ ಸುಬ್ಬರಾಯಪ್ಪ. ಆ ಕಾಲನ್ನೇ ಮಡಿಚಿ, ಅದರ ಮೇಲೆ ಭಾರ ಹಾಕಿ ಕೂತಿದ್ದ. ಮೂವರು ದೊಡ್ಡವರು ಸೇರಿ ಒಂದು ಮಾತು ಹೇಳಲಾರದೆ, ಆ ಮಾತನ್ನು ಅವಳು ಬಸ್ಸಿನಿಂದ ಇಳಿದು ತಾನೇ ಕಂಡುಕೊಳ್ಳಲಿ ಎಂದು ಬಿಟ್ಟರು. ಇಂಥವರಿಗೆ ಏನು ಹೆಸರಿಡಬೇಕೋ ನೀವೇ ಇಟ್ಟುಕೊಳ್ಳಿ.

ಬೆಳಿಗ್ಗೆ ಹೊರಡುವಾಗ ಭಾರತಮ್ಮ ಶ್ರೀನಿವಾಸಪ್ಪನನ್ನು ಹುಡುಕಿಕೊಂಡು ಹೋದಳು. "ಸೀನಪ್ಪ, ಈ ಆಟ ಅಪ್ಪನಿಗೆ ತೋರಿಸ್ತೀನಿ ಕಣಪ್ಪ. ಬಲಗೈ ಬೆರಳು ಆಡಿಸ್ತಾ ಇರ್ಬೇಕಂತಲ್ಲ, ಇದನ್ನ ಒತ್ತಿಸ್ತೀನಿ. ಎರಡು ದಿನ ಬಿಟ್ಟು ತಂದ್ಕೊಡ್ತೀನಿ."

ಅವನ ಮುಖದ ಬಣ್ಣ ಇಳಿಯಿತು. ಏನೋ ಹೇಳಲು ಬಾಯಿ ತೆರೆದ. ನಡುಮನೆಯಿಂದ ತಾಯಿ ಕೆಮ್ಮಿದಳು. "ನೀವೇ ಇಟ್ಕೊಳ್ಳಿ ಅತ್ತಿಗೆ, ನಂಗ್ ಬೇಡ," ಎಂದು ಹಿತ್ತಲ ಕಡೆ ನಡೆದುಬಿಟ್ಟ.

ಮುಳಬಾಗಿಲಿನಲ್ಲಿ ಒಂದು ಬಸ್ಸು, ಕೋಲಾರದಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಅವಳು ಆಟ ತೆಗೆಯಲಿಲ್ಲ, ಅಪ್ಪನಿಗೆ ತೋರಿಸುವಷ್ಟರಲ್ಲಿ ಸೆಲ್ಲು ಮುಗಿದುಬಿಟ್ಟರೆ ಎಂದು ಹೆದರಿಕೆ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮೆತ್ತಗಿನ ಬನ್ನು, ಸೀಬೆಹಣ್ಣು ಕೊಂಡಳು. ಸೀಬೆ ಗಟ್ಟಿಯಾಯಿತೇನೋ, ಅಪ್ಪನಿಗೆ ಅಗಿಯಲಾಗುತ್ತದೋ ಇಲ್ಲವೋ ಎಂದು ಹಣ್ಣಿನವಳ ಹತ್ತಿರ ವಾಪಸ್ಸು ಹೋಗಿ ಬಾಳೆಹಣ್ಣಿಗೆ ಬದಲಾಯಿಸಿಕೊಂಡಳು. ಅಪ್ಪನ ಮುಂದೆ ಈ ಸಲ ಪರದೆ ಇರುವುದಿಲ್ಲ, ಪಕ್ಕದಲ್ಲೇ ಕೂತು ಇಡೀ ದಿನ ಮಾತಾಡಬಹುದು ಎಂದು ಯೋಚಿಸಿ ಅವಳಿಗೆ ಬಸ್ಸಿನಲ್ಲೇ ಒಂಥರಾ ಹಿಗ್ಗು.

ಕ್ಯಾಲನೂರಿನ ಮನೆಯ ಮುಂದೆ ಅಣ್ಣ ದೊಡ್ಡನಾರಾಯಣಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಬೆನ್ನು ಈ ಕಡೆ ಇತ್ತು. ತಲೆಯ ಮೇಲಿನ ಟವೆಲ್ಲು ಜಾರಿ ಹೆಗಲಿಗೆ ಬಿದ್ದಿತ್ತು. ತಲೆ ನುಣ್ಣಗೆ ಬೋಳಾಗಿತ್ತು.

ಭಾರತಮ್ಮ ನಿಂತಳು. ಬೋಳು ತಲೆ ಎಂದರೇನು ಎಂದು ಯಾವ ಹೆಂಗಸಿಗೂ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅವಳು, "ಅಣ್ಣ, ತಿರುಪತಿಗೆ ಹೋಗಿದ್ಯಾ?" ಎಂದು ಕೇಳಿದಳು. ಅದು ಅವಳ ಬಾಯಿಂದ ಬಂದ ಮಾತಲ್ಲ, ಹೆದರಿಕೆಯಿಂದ ಬಂದದ್ದು.

ಅವನು ತಿರುಗಿದ. ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಕೈಚೀಲದಲ್ಲಿ ಇಣುಕುತ್ತಿದ್ದ ಬಾಳೆಹಣ್ಣನ್ನೂ, ಮುಡಿಯಲ್ಲಿದ್ದ ಹೂವನ್ನೂ ನೋಡಿದ.

"ಹೂ ಮುಡ್ಕೊಂಡ್ ಬಂದಿದ್ದೀಯಾ," ಎಂದ. "ಆಯ್ತಾ ಹುಳದ ಕೆಲಸ? ಗೂಡು ಚೆನ್ನಾಗಿ ಬಂತಾ?"

ಒಳಗಿನಿಂದ ದೊಡ್ಡಗಂಗಮ್ಮ ಬಂದಳು. ಚನ್ನರಾಯಪ್ಪನ ಅಣ್ಣನ ಹೆಂಡತಿ, ಭಾರತಮ್ಮನನ್ನು ತಾಯಿ ಸತ್ತ ಮೇಲೆ ಸಾಕಿದ ದೊಡ್ಡಮ್ಮ. ಅವಳು ಬಯ್ಯಲಿಲ್ಲ, ಹತ್ತಿರ ಬಂದು ಭಾರತಮ್ಮನ ಮುಡಿಯಿಂದ ಹೂವನ್ನು ಕಿತ್ತು ಬೇಲಿಯ ಕಡೆ ಎಸೆದಳು.

"ಯಾವತ್ತು ದೊಡ್ಡಮ್ಮ?" ಎಂದು ಭಾರತಮ್ಮ ಕೇಳಿದಳು.

"ಯಾವತ್ತು ಅಂತ ನಮ್ಮನ್ ಕೇಳ್ತೀಯೇನೇ?" ಎಂದ ದೊಡ್ಡನಾರಾಯಣಪ್ಪ. "ನಿನ್ ಗಂಡ ಬಂದು ಮಣ್ಣು ಹಾಕಿ ಹೋಗ್ಲಿಲ್ವಾ? ಕೊನೇ ಗಳಿಗೇವರೆಗೂ ಭಾರತಿ, ಭಾರತಿ ಅಂತ ಬಾಗಿಲು ನೋಡಿ ನೋಡಿ ಜೀವ ಬಿಟ್ಟ ಅಪ್ಪ. ಹೆಣ ಇಟ್ಕೊಂಡು ಬಿಸಿಲಿಳಿಯೋವರೆಗೂ ಕಾದ್ವಿ. ನಿನ್ ಗಂಡ ಒಬ್ನೇ ಬಂದ. ಎಲ್ಲಪ್ಪ ನನ್ ತಂಗಿ ಅಂದ್ರೆ, ಹುಳ ಬಿಟ್ಟು ಬರಕ್ಕಾಗಲ್ಲ ಅಂತ ಅವ್ಳೇ ಅಂದ್ಲು ಅಂದ. ಊರಿನವರ ಮುಂದೆ ಹೇಳ್ದ. ಮೂರನೇ ದಿನದ ಹಾಲು ತುಪ್ಪಕ್ಕೂ ನೀನ್ ಬರ್ಲಿಲ್ಲ."

"ನಂಗೆ ಯಾರೂ ಹೇಳ್ಲಿಲ್ಲಣ್ಣ!" ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ವಾಸಿಯಾಗಿದ್ದಾರೆ ಅಂದ್ರು. ಎಡಗೈಲಿ ಗಂಜಿ ಕುಡುದ್ರು ಅಂದ್ರು. ಅಪ್ಪನಾಣೆ, ನಂಗೆ ಗೊತ್ತಿಲ್ಲ!"

ನೆರೆಹೊರೆಯವರು ಬಾಗಿಲಿಗೆ ಬಂದರು. ದೊಡ್ಡನಾರಾಯಣಪ್ಪನ ಮುಖದಲ್ಲಿ ಒಂದು ಕ್ಷಣ ಏನೋ ಅಲುಗಾಡಿತು. ನಂಬಬೇಕೆಂದು ಅವನಿಗೂ ಆಸೆ. ಎಷ್ಟಾದರೂ ಒಡಹುಟ್ಟಿದವಳು. ಅವನು ದೊಡ್ಡಮ್ಮನ ಕಡೆ ನೋಡಿದ.

ದೊಡ್ಡಗಂಗಮ್ಮ ತಾನೂ ಹುಳ ಸಾಕಿದ ಹೆಂಗಸು. ಆ ಮನೆಗಳ ಕಾನೂನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾರತಮ್ಮನ ರಟ್ಟೆ ಹಿಡಿದು ಮೆತ್ತಗೆ ಕೇಳಿದಳು.

"ನಿನ್ ಗಂಡ ಇಲ್ಲಿಂದ ಹೋದ್ಮೇಲೆ ಹುಳದ ಮನೆ ಒಳಕ್ಕೆ ಬಂದ್ನೇನಮ್ಮ?"

"ಇಲ್ಲ. ಕಾಲಿಗೆ ಮುಳ್ಳು..."

"ನಿಮ್ಮತ್ತೆ?"

"ಇಲ್ಲ. ಮಂಡಿ ನೋವು ಅಂತ..."

"ಮೈದುನ?"

ಭಾರತಮ್ಮನಿಗೆ ಆಗಲೇ ಎಲ್ಲ ಹೊಳೆದಿತ್ತು. ಸುದ್ದಿ ಕಿವಿಗೆ ಬಿದ್ದವರು ಒಳಗೆ ಬರಬಾರದು. ಮೂವರ ಕಿವಿಗೂ ಬಿದ್ದಿತ್ತು, ಮೂವರೂ ಬರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಹುಳ ಮುಟ್ಟಲು ಮಡಿಯಾಗಿ ಉಳಿದವಳು ಒಬ್ಬಳೇ, ಅಪ್ಪ ಸತ್ತವಳು. ಅವಳ ಕಿವಿಗೆ ಬೀಳದಂತೆ ನೋಡಿಕೊಂಡರೆ ಬೆಳೆ ಉಳಿಯುತ್ತದೆ. ಅದಕ್ಕೇ ಕಾಫಿ, ಅದಕ್ಕೇ ಮೈದುನನ ಹೆಗಲ ಮೇಲೆ ಕೊಡ, ಅದಕ್ಕೇ ಆಟ. ಅಂಜಮ್ಮ ಹೇಳಲು ಬಂದು ನಿಂತಿದ್ದಳು. ಇಲ್ಲಿ ಹಾಲು ತುಪ್ಪ ಬಿಡುತ್ತಿದ್ದ ದಿನವೇ ಅದು, ಲೆಕ್ಕ ಹಾಕಿದರೆ ಅದೇ ದಿನ. ಅವತ್ತು ಅವಳು ಹಲ್ಲು ಬಿಟ್ಟು ನಕ್ಕಿದ್ದಳು.

"ಮೂರು ಜನಾನೂ ಹುಳದ ಮನೆ ಬಿಟ್ಟು ಆಚೆ ಕೂತವ್ರೆ," ಎಂದಳು ದೊಡ್ಡಗಂಗಮ್ಮ. ಸಿಟ್ಟಿನಿಂದಲ್ಲ, ಅರ್ಥವಾಗದೆ ಕೇಳುತ್ತಿದ್ದಳು. "ಹುಳ ಸಾಕೋ ಮನೇಲಿ ಹಂಗಾದ್ರೆ ಏನು ಅಂತ ನಿಂಗೊತ್ತಿಲ್ವಾ? ಕುರುಡರಿಗೂ ಗೊತ್ತಾಗ್ತದೆ ಕಣಮ್ಮ. ಅಷ್ಟ್ ದಿನ ನಿನ್ ಕಣ್ಣು ಎಲ್ಲಿಟ್ಟಿದ್ದೆ?"

ಇದೊಂದು ಪ್ರಶ್ನೆಗೆ ಉತ್ತರ ಹೇಳಿದರೆ ಸಾಕಾಗಿತ್ತು. ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ನಿಜವಾದ ಉತ್ತರ ಅವಳ ಕೈಚೀಲದಲ್ಲಿ, ಬಾಳೆಹಣ್ಣಿನ ಕೆಳಗೆ ಇತ್ತು. ತೆಗೆದು ತೋರಿಸಬೇಕು. ಇದರಲ್ಲಿ ಒಂದು ಮರ ಇದೆ, ಹಣ್ಣು ಬೀಳುತ್ತವೆ, ನಾನು ಹಿಡಿಯುತ್ತಿದ್ದೆ ಎನ್ನಬೇಕು. ಅಪ್ಪನ ಚಿಂತೆ ತಾಳಲಾರದೆ ಆಡಿದೆ, ಆಡಿ ಆಡಿ ಸುಖವಾಗಿದ್ದೆ ಎನ್ನಬೇಕು. ಬೋಳು ತಲೆಯ ಅಣ್ಣನ ಮುಂದೆ, ಬೀದಿಯ ಜನರ ಮುಂದೆ, ಮಗಳ ತಾಯಿಯಾದ ಹೆಂಗಸು ಆ ಮಾತನ್ನು ಹೇಳಬೇಕು.

ಅವಳು ಚೀಲದ ಬಾಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಹುಳ ನೋಡ್ಕೊಂತಿದ್ದೆ ದೊಡ್ಡಮ್ಮ," ಎಂದಳು.

ದೊಡ್ಡಗಂಗಮ್ಮ ಹಿಡಿದಿದ್ದ ರಟ್ಟೆಯನ್ನು ಬಿಟ್ಟಳು.

"ಹಂಗಾದ್ರೆ ನಿನ್ ಗಂಡ ಹೇಳಿದ್ದು ನಿಜಾನೆ," ಎಂದ ದೊಡ್ಡನಾರಾಯಣಪ್ಪ, ಮತ್ತೆ ಎಮ್ಮೆಯ ಕಡೆ ತಿರುಗಿ ಹುಲ್ಲು ಹಾಕತೊಡಗಿದ.